ಸದ್ದು ನುಂಗುವ ಕೊಳವೆ

ನಮ್ಮಪ್ಪನ ಕೋವಿಯ ತುದಿಯಲ್ಲಿ ಒಂದು ಹಿತ್ತಾಳೆ ಬಳೆ ಇತ್ತು. ಕಿರುಬೆರಳು ತೂರುವಷ್ಟು ಸಣ್ಣದು, ಹಿಡಿದರೆ ಬೆರಳು ಜಾರದಂತೆ ಮೈತುಂಬ ಗೀರು ಹಾಕಿದ್ದು. ಅದು ಅಂದಕ್ಕೆ ಇದ್ದದ್ದು ಅಂತ ಅಪ್ಪ ಸಾಯುವ ತನಕ ನಂಬಿದ್ದ. ಕೋವಿಗೆ ಬಳೆ ಯಾಕೆ ಅಂತ ಒಮ್ಮೆ ಕೇಳಿದ್ದಕ್ಕೆ, "ನಿಂಗೆ ಎಂತಕ್ಕೆ? ಹಾಂಗೇ ಅದಕ್ಕೂ" ಅಂದಿದ್ದ. ನಾನೂ ನಂಬಿದೆ. ಅಪ್ಪ ಹೊನ್ನಾವರದಲ್ಲಿ ಮರದ ವ್ಯಾಪಾರದ ಒಬ್ಬ ಬಿಳಿ ದೊರೆಯ ಬಂಗಲೆಯಲ್ಲಿ ಅಡುಗೆಗಿದ್ದವನು. ದೊರೆ ದೇಶ ಬಿಟ್ಟು ಹೋಗುವಾಗ ಕೊಟ್ಟು ಹೋದ ಕೋವಿ ಅದು. ಲೈಸನ್ಸು ಅಪ್ಪನ ಹೆಸರಿಗಾಯಿತು, ಕೋವಿ ನಮ್ಮ ಮನೆಯ ದೇವರ ಗೂಡಿನ ಪಕ್ಕಕ್ಕೆ ಬಂತು.

ದೊರೆ ಕೊಟ್ಟ ಎಣ್ಣೆಯ ಡಬ್ಬಿ ಒಂದೇ ವರ್ಷದಲ್ಲಿ ಖಾಲಿಯಾಯಿತು. ಆಮೇಲೆ ತೆಂಗಿನೆಣ್ಣೆ. ನಮ್ಮ ಕಡೆಯವರಿಗೆ ತಲೆಗೂ ಅದೇ, ಒಗ್ಗರಣೆಗೂ ಅದೇ, ಕಿರುಗುಟ್ಟುವ ಬಾಗಿಲಿಗೂ ಅದೇ. ಕೋವಿಗೆ ಮಾತ್ರ ಬೇರೆ ಎಣ್ಣೆ ಬೇಕು ಅಂತ ಯಾರಿಗೆ ಹೊಳೆಯಬೇಕು? ಆಯುಧ ಪೂಜೆಯ ದಿನ ಅಪ್ಪ ಕತ್ತಿ, ಹಾರೆ, ಈಳಿಗೆಮಣೆಗಳ ಜೊತೆಗೆ ಕೋವಿಯನ್ನೂ ಮಲಗಿಸಿ, ಅದರ ಬಳೆಗೆ ತೆಂಗಿನೆಣ್ಣೆ ಸವರಿ, ಉಂಗುರ ಬೆರಳಿನಿಂದ ಕುಂಕುಮ ಹಚ್ಚುತ್ತಿದ್ದ. ಎಣ್ಣೆಯಲ್ಲಿ ಕಲಸಿದ ಕುಂಕುಮ ಬಳೆಯ ಅಂಚಿಗೆ ಇಳಿಯುತ್ತಿತ್ತು. ಅದನ್ನು ಒರೆಸುವ ಪದ್ಧತಿ ಇರಲಿಲ್ಲ. ದೇವರಿಗೆ ಹಚ್ಚಿದ್ದನ್ನು ಒರೆಸುವವರುಂಟೇ?

ನಮ್ಮ ಜಾಗ ಧಾರೇಶ್ವರದ ದಕ್ಷಿಣಕ್ಕೆ, ಸಮುದ್ರಕ್ಕೂ ಒಂದು ಉಪ್ಪುನೀರಿನ ಹಳ್ಳಕ್ಕೂ ನಡುವೆ. ಬರೀ ಉಸುಕು. ಅಲ್ಲಿ ಅಪ್ಪ ಕಲ್ಲಂಗಡಿ ಬೆಳೆಯುತ್ತಿದ್ದ. ಕಾಯಿ ಹಣ್ಣಾಗುವ ವಾಸನೆ ನಮಗಿಂತ ಮೊದಲು ನರಿಗಳಿಗೆ ತಿಳಿಯುತ್ತದೆ. ಬಂದು ಒಂದನ್ನು ಪೂರ್ತಿ ತಿಂದರೆ ನನಗೇನೂ ಬೇಜಾರಿಲ್ಲ. ಆದರೆ ದರಿದ್ರದವು ಹತ್ತಕ್ಕೆ ಬಾಯಿ ಹಾಕಿ ಹತ್ತನ್ನೂ ಅರ್ಧಕ್ಕೆ ಬಿಟ್ಟು ಹೋಗುತ್ತವೆ. ಅದಕ್ಕೇ ಅಪ್ಪ ಬೆಳೆಯ ಕಾಲದಲ್ಲಿ ಪ್ರತಿ ಸಂಜೆ, ಜಗಲಿಯಲ್ಲಿ ದೀಪ ಹಚ್ಚಿದ ಮೇಲೆ, ಉಸುಕಿನ ದಿಬ್ಬಕ್ಕೆ ಒಂದು ಗುಂಡು ಹೊಡೆಯುತ್ತಿದ್ದ. ಕೊಲ್ಲಲಿಕ್ಕಲ್ಲ, ಬೆದರಿಸಲಿಕ್ಕೆ. ಮಳೆಗಾಲ ಬಂತೆಂದರೆ ನಳಿಗೆಯ ಬಾಯಿಗೆ ಜೇನುಮೇಣ ತುಂಬಿ ಅಟ್ಟಕ್ಕೆ ಏರಿಸುತ್ತಿದ್ದ.

ಅಪ್ಪ ತೀರಿಕೊಂಡದ್ದು ನಮ್ಮ ಜಿಲ್ಲೆ ಮುಂಬಯಿಯಿಂದ ಮೈಸೂರಿಗೆ ಸೇರಿದ ಹೊಸತರಲ್ಲಿ. ಅಮ್ಮ ಮೊದಲೇ ಹೋಗಿದ್ದಳು. ಅಣ್ಣ ಮುಂಬಯಿಯಲ್ಲಿ ಖಾನಾವಳಿಯೊಂದನ್ನು ನೋಡಿಕೊಳ್ಳುತ್ತಿದ್ದ. ನಾನು ಮುಲ್ಕಿ ಪರೀಕ್ಷೆ ಪಾಸಾಗಿ ಇಲ್ಲೇ ಊರಿನ ಕನ್ನಡ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರಾಗಿದ್ದೆ. ಕೋವಿಯ ಲೈಸನ್ಸನ್ನು ನನ್ನ ಹೆಸರಿಗೆ ಮಾಡಿಸಲು ಕುಮಟೆಯ ಮಾಮಲೇದಾರ ಕಚೇರಿಗೆ ಅಲೆದು ಚಪ್ಪಲಿ ಸವೆಸಿದೆ. ಅಲ್ಲಿಯ ಕಾರಕೂನ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಕ್ಕೋರೆ, ಮಕ್ಕಳು ಮಗ್ಗಿ ಹೇಳ್ಲಿಲ್ಲ ಅಂದ್ರೆ ಇದನ್ನೇ ತೋರಿಸ್ತ್ರಾ?" ಅಂದ. "ಮಕ್ಕಳಿಗೆ ಬೆತ್ತ ಸಾಕು. ಇದು ಕಾರಕೂನರಿಗೆ" ಅಂದೆ. ಕಚೇರಿಯೆಲ್ಲ ನಕ್ಕಿತು. ಲೈಸನ್ಸು ಆಯಿತು.

ನನಗೆ ಬಾಯಿ ಇತ್ತು, ಧೈರ್ಯವೂ ಇತ್ತು. ಆದರೆ ಸಂಜೆಯಾದರೆ ಎರಡೂ ಉಪಯೋಗಕ್ಕೆ ಬರುತ್ತಿರಲಿಲ್ಲ. ಶಾಲೆ ಬಿಟ್ಟ ಮೇಲೆ ಮಾರನೆಯ ಬೆಳಿಗ್ಗೆಯ ತನಕ ನನ್ನ ಹತ್ತಿರ ಮಾತಾಡುವ ಒಂದು ಜೀವವೂ ಇರುತ್ತಿರಲಿಲ್ಲ. ಮೀನು ತರುವವಳಿಗೆ "ಒಂದೇ ಬಾಂಗಡೆ ಕೊಡೆ" ಅಂದರೆ ಅವಳು ನಗುತ್ತಿದ್ದಳು. ಒಂದು ಬಾಂಗಡೆಗೆ ಮಸಾಲೆ ಅರೆಯುವಾಗ ಒರಳಿಗೇ ನಾಚಿಕೆಯಾಗಬೇಕು. ಕೆಲವು ಸಂಜೆ ಮಕ್ಕಳ ಪಾಟಿಯ ಮೇಲಿನ ಲೆಕ್ಕವನ್ನು ಗಟ್ಟಿಯಾಗಿ ಓದುತ್ತಿದ್ದೆ, ನನ್ನ ದನಿ ನನಗೇ ಕೇಳಲಿ ಅಂತ. ಒಂಟಿ ಅನಿಸುತ್ತಿತ್ತು, ಬಹಳ ಅನಿಸುತ್ತಿತ್ತು. ಆಗ ಯಾರಾದರೂ ಕೇಳಿದ್ದರೆ ಇಲ್ಲವೆಂದು ಜಗಳಕ್ಕೇ ನಿಲ್ಲುತ್ತಿದ್ದೆ.

ಅಂಥದರಲ್ಲಿ ನನಗೊಂದು ಜೊತೆ ಸಿಕ್ಕಿತು. ಹಳ್ಳದ ಆಚೆ ದಡದಲ್ಲಿ, ನಮ್ಮ ಜಗಲಿಗೆ ನೇರವಾಗಿ, ಒಂದು ಸೋಗೆಯ ಮನೆ. ಅಲ್ಲಿ ಒಬ್ಬಳೇ ಅಜ್ಜಿ. ಅಪ್ಪ ಹೋದ ಮೇಲೆ ನಾನು ಮೊದಲ ಸಲ ಗುಂಡು ಹೊಡೆದ ಸಂಜೆ, ಹೊಗೆ ಆರುವ ಮೊದಲೇ ಆಚೆ ದಡದಲ್ಲಿ ಒಂದು ದೀಪ ಹತ್ತಿಕೊಂಡಿತು. ಮಾರನೆಯ ದಿನವೂ ಹಾಗೇ. ನಾನು ಜಗಲಿಯಲ್ಲಿ ದೀಪ ಇಟ್ಟು, ಒಳಗಿಂದ ಕೋವಿ ತಂದು, ತೋಟೆ ತುಂಬಿ, ಢಂ ಅನ್ನಿಸಿದರೆ ಆಚೆಯಿಂದ ದೀಪ. ಒಂದು ಸಂಜೆಯೂ ತಪ್ಪಿದ್ದಲ್ಲ. ನನ್ನ ಗುಂಡಿನ ಸದ್ದು ಕೇಳಿ ಅಜ್ಜಿ "ಇದ್ದೇನೆ" ಅನ್ನುತ್ತಿದ್ದಾಳೆ ಅಂತ ತಿಳಿದುಕೊಂಡೆ. ಆ ದೀಪ ನೋಡಿಯೇ ನಾನು ಊಟಕ್ಕೆ ಕೂರುತ್ತಿದ್ದದ್ದು. ಕಲ್ಲಂಗಡಿ ಮುಗಿದರೂ ಗೆಣಸಿಗೆ ಹಂದಿ ಬರುತ್ತವೆ ಎಂದು ನೆಪ ಹೇಳಿಕೊಂಡು ಮಳೆ ಹಿಡಿಯುವ ತನಕ ಹೊಡೆಯುತ್ತಿದ್ದೆ. ಮಳೆಗಾಲದಲ್ಲಿ ಹೇಗೂ ಆಚೆ ದಡವೇ ಕಾಣುತ್ತಿರಲಿಲ್ಲ.

ಹೋಗಿ ಮಾತಾಡಿಸಬಹುದಿತ್ತಲ್ಲ ಅನ್ನುತ್ತೀರಿ. ಹಳ್ಳ ದಾಟುವ ಮರದ ಸಂಕ ಒಂದು ಮಳೆಗಾಲದಲ್ಲಿ ಕೊಚ್ಚಿಹೋಗಿತ್ತು. ಶಾಲೆ, ಅಂಗಡಿ, ಬಸ್ಸು ಎಲ್ಲಕ್ಕೂ ನನಗೆ ಉತ್ತರದ ಮಣ್ಣಿನ ಕಟ್ಟಿನ ಮೇಲಿನ ದಾರಿ. ಅವಳ ದಾರಿಯೇ ಬೇರೆ. ನಿಜ ಹೇಳಬೇಕೆಂದರೆ ಹೋಗಲು ಹೆದರಿಕೆಯೂ ಇತ್ತು. ಹತ್ತಿರ ಹೋದರೆ ಅವಳೂ ಉಳಿದವರ ಹಾಗೆ "ಮದ್ವೆ ಎಂತಕ್ಕೆ ಆಗ್ಲಿಲ್ಲ?" ಅಂತ ಶುರು ಮಾಡಿದರೆ ಏನು ಮಾಡಲಿ?

ಅದನ್ನು ಕೇಳಲು ಅಣ್ಣನೇ ಇದ್ದ. ನನಗೆ ಮೂವತ್ತು ದಾಟಿತ್ತು. ಒಂದು ಬೇಸಿಗೆಯಲ್ಲಿ ರಜೆಗೆ ಬಂದವನು ಒಬ್ಬರನ್ನು ಮನೆಗೆ ಕರೆತಂದ. ಭಟ್ಕಳದ ಜವಳಿ ಅಂಗಡಿಯಲ್ಲಿ ಕೆಲಸ, ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿಲ್ಲ. ಮದುವೆಯಾದರೆ ನನ್ನ ಕೆಲಸ ಬಿಡಿಸುವುದಿಲ್ಲ, ತಾವೇ ಇಲ್ಲಿಗೆ ಬಂದು ಇರುತ್ತಾರಂತೆ. ಬೈಯಲು ಏನಾದರೂ ಸಿಗುತ್ತದೋ ಅಂತ ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಸಿಗಲಿಲ್ಲ. ಕಲ್ಲಂಗಡಿ ಕೊಟ್ಟರೆ ಬೀಜವನ್ನು ಅಂಗಳಕ್ಕೆ ಉಗುಳದೆ ಅಂಗೈಯಲ್ಲಿ ಹಿಡಿದುಕೊಂಡು, "ಇದು ಬಿತ್ತನೆಗೆ ಬರ್ತದ್ಯಾ, ಎಲ್ಲಿ ಹಾಕ್ಲಿ?" ಅಂತ ಕೇಳಿದರು. ನನ್ನ ಮನಸ್ಸು ಆ ಅಂಗೈಯ ಕಡೆಗೆ ಸ್ವಲ್ಪ ವಾಲಿತು. ಸುಳ್ಳೇಕೆ?

ಮಾತಾಡುತ್ತ ಸಂಜೆಯಾಯಿತು. ನಾನು ಎದ್ದು ದೀಪ ಹಚ್ಚಿದೆ, ಕೋವಿ ತೆಗೆದುಕೊಂಡೆ, ಅಭ್ಯಾಸದಂತೆ ಹೊಡೆದೆ. ಹಿಂದೆ ಠಣ್ ಅಂತ ಸದ್ದು. ತಿರುಗಿ ನೋಡಿದರೆ ಅವರ ಕೈಯ ಚಹದ ಲೋಟ ನೆಲದ ಮೇಲೆ ಉರುಳುತ್ತಿತ್ತು, ಪಂಚೆಯೆಲ್ಲ ಚಹ, ಮುಖ ಸುಣ್ಣದ ಗೋಡೆ. ಒಂದು ಕೈ ಎದೆಯ ಮೇಲಿತ್ತು. ನನಗೆ ನಗು ಬಂತು, ಅಣ್ಣ ಕಣ್ಣು ಬಿಟ್ಟ, ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದೆ.

ಅವರು ಒಪ್ಪಿದರು. ಹುಡುಗಿ ಆದೀತು, ಆದರೆ ಆ ಸದ್ದು ಮಾತ್ರ ಆಗದು, ಎದೆ ಹೊಡೆದುಕೊಳ್ಳುವ ಕಾಯಿಲೆ ಇದೆ, ದಿನಾ ಸಂಜೆ ಹೀಗಾದರೆ ಬದುಕುವುದಿಲ್ಲ ಅಂತ ಹೇಳಿ ಕಳಿಸಿದರು. ನ್ಯಾಯವಾದ ಮಾತೇ. ನಾನು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ "ನೋಡ್ವಾ" ಅಂದೆ. ಅಣ್ಣ ಮುಂಬಯಿಗೆ ಹೋದ.

ಮುಂದಿನ ಬೇಸಿಗೆಗೆ ಅವನು ಬಂದಾಗ ಟ್ರಂಕಿನಲ್ಲಿ ಬಟ್ಟೆ ಸುತ್ತಿದ ಒಂದು ಕಬ್ಬಿಣದ ಕೊಳವೆ ಇತ್ತು. ಗೇಣುದ್ದದ್ದು, ಕಪ್ಪಗಿತ್ತು, ಒಂದು ತುದಿಯ ಒಳಗೆ ತಿರುಪಿನ ಸುತ್ತು. ಮುಂಬಯಿಯ ಗುಜರಿ ಬಜಾರಿನಲ್ಲಿ ಸಿಕ್ಕಿದ್ದಂತೆ.

"ಇದು ಕೋವಿ ಬಾಯಿಗೆ ತಿರುಪೂದು ತಂಗೀ. ಸದ್ದೆಲ್ಲ ಇದೇ ನುಂಗ್ತದೆ. ನೀ ಬೇಕಾದಷ್ಟು ಹೊಡಿ, ಆದ್ರೆ ಯಾರಿಗೂ ಕೇಳಬಾರ್ದು."

"ಕೇಳದೆ ಇದ್ರೆ ನರಿ ಓಡ್ತದ್ಯಾ?"

"ನರಿಯನ್ನ ಕೊಂದೇ ಹಾಕು. ಎಂತ ಮಳ್ಳೆ ನೀನು!"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವುದು ಇದಕ್ಕೇ. ಅಣ್ಣ ಕೋವಿಯ ತುದಿಯ ಬಳೆಯನ್ನು ತಿರುವಲು ನೋಡಿದ. ಅಲ್ಲಾಡಲಿಲ್ಲ. ಬಟ್ಟೆ ಹಿಡಿದು ತಿರುವಿದ, ಹಲ್ಲು ಕಚ್ಚಿ ತಿರುವಿದ, ಅದು ನಳಿಗೆಯ ಜೊತೆಗೇ ಹುಟ್ಟಿದಂತೆ ಕೂತಿತ್ತು. ಕೊನೆಗೆ ಭಟ್ಕಳದಲ್ಲಿ ಲೇತು ಯಂತ್ರ ಇಟ್ಟುಕೊಂಡ ಮೇಸ್ತ್ರಿಯೊಬ್ಬರಿದ್ದಾರೆ, ಲಾಂಚಿನ ಇಂಜಿನ್ನು, ಕೋವಿ ಎಲ್ಲ ನೋಡುತ್ತಾರೆ, ಅಲ್ಲಿಗೇ ಹೋಗುವ, ಹಾಗೇ ಜವಳಿ ಅಂಗಡಿಯವರ ಮನೆಗೂ ಹೋಗಿ ಮದುವೆಯ ಮಾತು ಮುಗಿಸುವ ಅಂದ. ಹೊರಡುವಾಗ ನನಗೆ ಒಂದೇ ಚಿಂತೆ. ಬೆಳೆಯ ಕಾಲದಲ್ಲಿ ನಾನು ಒಂದು ಸಂಜೆಯೂ ಮನೆ ಬಿಟ್ಟವಳಲ್ಲ.

ಕೋವಿಯನ್ನು ಚಾಪೆಯಲ್ಲಿ ಸುತ್ತಿ ಬಸ್ಸು ಹತ್ತಿದೆವು. ಆಗ ಶರಾವತಿಗೆ ಸೇತುವೆ ಆಗಿರಲಿಲ್ಲ. ಹೊನ್ನಾವರದಲ್ಲಿ ಇಳಿದು, ತಾರಿಯ ದೋಣಿಯಲ್ಲಿ ಹೊಳೆ ದಾಟಿ, ಆಚೆ ಇನ್ನೊಂದು ಬಸ್ಸು. ಮಂಕಿಯಲ್ಲಿ ಹತ್ತಿದ ಒಬ್ಬಳು ನನ್ನ ಕಾಲ ಬಳಿಯ ಚಾಪೆ ಮುಟ್ಟಿ ನೋಡಿ, "ಒಳ್ಳೆ ಹೆಣಿಗೆ, ಕೊಡೂದಾ?" ಅಂದಳು. ಅಣ್ಣ ಬೆವರಿದ.

ಮೇಸ್ತ್ರಿ ಬಿಳಿ ಗಡ್ಡದ, ಸಿಡುಕಿನ ಮನುಷ್ಯ. ಮೊದಲು ಲೈಸನ್ಸು ನೋಡಿದರು, ಆಮೇಲೆ ಕೋವಿ, ಕೊನೆಗೆ ಕೊಳವೆ. ಕೊಳವೆ ನೋಡಿ "ಯಾ ಅಲ್ಲಾ" ಅಂದರು. ಬಾಚಣಿಗೆಯ ಹಲ್ಲಿನಂಥ ಸಣ್ಣ ತಗಡುಗಳ ಒಂದು ಗೊಂಚಲು ತೆಗೆದು, ಒಂದೊಂದನ್ನೇ ಕೊಳವೆಯ ಸುತ್ತಿಗೆ ಒತ್ತಿ ನೋಡಿ, ಸರಿಯಾಗಿ ಕೂತ ಒಂದನ್ನು ಬೇರೆಯಾಗಿ ಇಟ್ಟರು. ಆಮೇಲೆ ಕೋವಿಯ ಬಳೆಗೆ ಸೀಮೆಎಣ್ಣೆ ಬಿಟ್ಟು, ದೀಪದ ಉರಿಗೆ ಹಿಡಿದು, ಇಕ್ಕಳಕ್ಕೆ ಚರ್ಮ ಸುತ್ತಿ ತಿರುವಿದರು. ಬಳೆ ಕಿರ್ ಅಂತ ಕೂಗಿ ಬಿಟ್ಟುಕೊಂಡಿತು.

ಕೆಳಗೆ ತಿರುಪಿನ ಸುತ್ತು ಇತ್ತು. ಅಂದದ ಬಳೆಯಲ್ಲ, ಆ ಸುತ್ತು ಹಾಳಾಗದಿರಲೆಂದು ಹಾಕಿದ ಕಾಪು ಅದು. ಆದರೆ ಸುತ್ತು ಕಾಣುತ್ತಲೇ ಇರಲಿಲ್ಲ. ಕೆಂಪಗೆ ಏನೋ ಮೆತ್ತಿಕೊಂಡಿತ್ತು.

"ಇದೆಂತ ಅಕ್ಕಾ, ಬಣ್ಣ ಹೊಡ್ದಿದ್ರಾ?" ಅಂದರು ಮೇಸ್ತ್ರಿ. ಸೂಜಿಯಿಂದ ಕೆರೆದರೆ ಕೆಂಪು ಮೇಣದಂಥದ್ದು ಎಳೆಎಳೆಯಾಗಿ ಬಂತು. ಅವರು ಅದನ್ನು ಮೂಸಿ, "ತೆಂಗಿನೆಣ್ಣೆ!" ಅಂತ ತಲೆ ಚಚ್ಚಿಕೊಂಡರು. "ಕೋವಿಗೆ ಯಾರಾದ್ರೂ ಪೂಜೆ ಮಾಡ್ತ್ರಾ? ಮಾಡಿದ್ರೂ ಒರ್ಸೂಕಾಗೂದಿಲ್ವಾ?"

ಅಪ್ಪ ಉಂಗುರ ಬೆರಳಿನಿಂದ ಹಚ್ಚಿದ ಕುಂಕುಮ ಅದು, ಅಷ್ಟೂ ವರ್ಷದ್ದು, ಒಂದರ ಮೇಲೊಂದು. ಮನೆಯಲ್ಲಿ ಅಪ್ಪನ ಅಂಗಿ ಇರಲಿಲ್ಲ, ಪಟ ಇರಲಿಲ್ಲ. ಅವನ ಕೈ ಮುಟ್ಟಿದ್ದು ಇಲ್ಲಿ ಇಷ್ಟು ಉಳಿದಿತ್ತು, ಭಟ್ಕಳದ ಮೇಸ್ತ್ರಿಯೊಬ್ಬರು ಅದನ್ನು ಸೂಜಿಯಿಂದ ಕಿತ್ತು ಹಳೇ ಪೇಪರಿನ ಮೇಲೆ ಹಾಕುತ್ತಿದ್ದರು.

ಸುತ್ತು ಸ್ವಚ್ಛವಾದ ಮೇಲೆ ಮೇಸ್ತ್ರಿ ಆರಿಸಿಟ್ಟ ತಗಡನ್ನು ಅದಕ್ಕೆ ಒತ್ತಿ ಬೆಳಕಿಗೆ ಹಿಡಿದರು. ಹಲ್ಲಿಗೂ ಸುತ್ತಿಗೂ ನಡುವೆ ಬೆಳಕು ತೂರಿತು. "ಕಂಡ್ರಾ? ಕೋವಿದು ಇಂಗ್ಲಿಷ್ ಥ್ರೆಡ್ಡು, ಇದು ಬೇರೆ ದೇಶದ್ದು. ಒಂದು ಸುತ್ತು ಹೋಗ್ತದೆ, ಎರಡನೇದಕ್ಕೆ ಕಚ್ತದೆ. ಬಲವಂತ ಮಾಡಿದ್ರೆ ಸೊಟ್ಟ ಕೂತ್ಕಂತದೆ." ಆಮೇಲೆ ಒಂದು ಸಣ್ಣ ಸರಳನ್ನು ನಳಿಗೆಯ ಬಾಯಿಗೆ ತೂರಿಸಿದರು, ಸರಿಯಾಗಿ ಹೋಯಿತು. ಅದೇ ಸರಳು ಕೊಳವೆಯ ಬಾಯಿಗೆ ಹಿಡಿಯಲೇ ಇಲ್ಲ. "ಇದು ಮಕ್ಕಳ ಗಾಳಿ ಕೋವಿದು. ನಿಮ್ಮ ಗುಂಡು ಇದ್ರ ಬಾಯಲ್ಲಿ ಸಿಕ್ಕಂಡ್ರೆ ಮುಂದಿನ ಕತೆ ಹೇಳೂಕೆ ನೀವೇ ಇರೂದಿಲ್ಲ."

ಅಣ್ಣ ಬಿಡಲಿಲ್ಲ. "ನಳಿಗೆ ತುದಿ ಕುಯ್ದು ಬೇರೆ ಥ್ರೆಡ್ಡು ಹಾಕೂಕೆ ಬರೂದಿಲ್ವಾ? ಇದ್ರ ಬಾಯಿ ದೊಡ್ಡದು ಮಾಡೂಕೆ?"

"ನೆಗಡಿ ಆತು ಅಂತ ಮೂಗು ಕುಯ್ಕಂತ್ರಾ? ಬರ್ತದೆ. ಆದ್ರೆ ಸದ್ದು ಮುಚ್ಚೂ ಕೆಲಸಕ್ಕೆ ಪೋಲೀಸರ ಕಾಗದ ಬೇಕು. ತನ್ನಿ, ನೋಡ್ವಾ. ಕಾಗದ ಇಲ್ದೆ ನಾ ಕೈ ಹಾಕೂದಿಲ್ಲ."

"ಕಾಗದ ನಾನು ತತ್ತೆ. ನಮ್ಮವರೇ ಒಬ್ರು ಠಾಣೆಯಲ್ಲಿ ಇದ್ದಾರೆ. ಎಂತ ಹೇಳ್ತೆ ತಂಗೀ?"

ಇಬ್ಬರೂ ನನ್ನ ಮುಖ ನೋಡಿದರು. ನನಗೆ ಆ ಅಂಗೈಯಲ್ಲಿ ಹಿಡಿದ ಬೀಜ ನೆನಪಾಯಿತು. ಎರಡು ಬಾಂಗಡೆ ಕೊಳ್ಳಬಹುದಿತ್ತು. ಸಂಜೆ ಯಾರಾದರೂ ಚಹ ಕೇಳುತ್ತಿದ್ದರು. ಸದ್ದು ನಿಲ್ಲಿಸಿದರೆ ಅದೆಲ್ಲ ಆಗುತ್ತದೆ. ಆದರೆ ಸದ್ದು ನಿಂತ ಸಂಜೆ ಆಚೆ ದಡದ ಅಜ್ಜಿ ಕಿವಿಗೊಟ್ಟು ಕೂತೇ ಇರುತ್ತಾಳಲ್ಲ, ಅವಳಿಗೆ ಯಾರು ಹೇಳಬೇಕು? ಯಾರೂ ಇಲ್ಲದಾಗ ದಿನಾ ಉತ್ತರ ಕೊಟ್ಟವಳು ಅವಳು. ಈಗ ನನಗೊಬ್ಬರು ಸಿಕ್ಕರು ಅಂತ ಅವಳನ್ನು ಕತ್ತಲಲ್ಲಿ ಬಿಡುವುದೇ? ಅದು ನನ್ನಿಂದಾಗಲಿಲ್ಲ.

"ಬಳೆ ಹಾಕಿಬಿಡಿ ಮೇಸ್ತ್ರಿ" ಅಂದೆ.

"ಹಾಂಗಾರೆ ಅವ್ರಿಗೆ ನಾ ಎಂತ ಹೇಳೂದು?" ಅಣ್ಣ ಕೂಗಿದ.

"ಕಿವಿಗೆ ಹತ್ತಿ ಇಟ್ಕಂಡು ಬರೂಕಾದ್ರೆ ಬರ್ಲಿ ಹೇಳು. ಇಲ್ಲ ಅಂದ್ರೆ ಆತು, ಬೇರೆ ಕಡೆ ನೋಡ್ಲಿ."

ಅಣ್ಣ ಕೊಳವೆ ಎತ್ತಿಕೊಂಡು ದಡದಡ ಹೊರಟು ಹೋದ. ಆ ರಾತ್ರಿ ಭಟ್ಕಳದಲ್ಲೇ ಉಳಿದು ಜವಳಿ ಅಂಗಡಿಯವರ ಮನೆಗೆ ಉತ್ತರ ಮುಟ್ಟಿಸಬೇಕಲ್ಲ. ಮೇಸ್ತ್ರಿ ಸುತ್ತಿಗೆ ಸರಿಯಾದ ಎಣ್ಣೆ ಹಾಕಿ, ಬಳೆ ತಿರುವಿ ಕೂರಿಸಿದರು. ಪೇಪರಿನ ಮೇಲಿದ್ದ ಕುಂಕುಮವನ್ನು ನಾನು ಪೊಟ್ಟಣ ಕಟ್ಟಿ ಸೆರಗಿಗೆ ಗಂಟು ಹಾಕಿಕೊಂಡೆ.

ತಾರಿಯಲ್ಲಿ ತಡವಾಗಿ ಹೊನ್ನಾವರದ ಬಸ್ಸು ತಪ್ಪಿತು. ಮೀನಿನ ಲಾರಿಯೊಂದು ಸಿಕ್ಕಿತು. ಲಾರಿಯವನು ನನ್ನನ್ನು ಹಳ್ಳದ ಆಚೆ ದಡದಲ್ಲಿ ಇಳಿಸಿದ. ಕತ್ತಲು ಕೂತು ಸ್ವಲ್ಪ ಹೊತ್ತಾಗಿತ್ತು. ನೀರು ಇಳಿದಿದ್ದರಿಂದ ದಾಟಬಹುದಿತ್ತು. ದಾರಿ ಅಜ್ಜಿಯ ಅಂಗಳದಲ್ಲೇ ಹೋಗುತ್ತಿತ್ತು. ಮನೆಯಲ್ಲಿ ದೀಪ ಇರಲಿಲ್ಲ. ಮೆಟ್ಟಿಲ ಮೇಲೆ ಬಿಳಿ ಸೀರೆಯ ಆಕಾರ ಕಂಡಿತು. ನೋಡು, ಗುಂಡಿನ ಸದ್ದಿಗೆ ಕಾದು ಕೂತಿದ್ದಾಳೆ, ನಾನು ಮಾಡಿದ್ದೇ ಸರಿ ಅಂತ ಎದೆ ತುಂಬಿ ಬಂತು.

"ಅಜ್ಜೀ, ಕತ್ತಲಲ್ಲಿ ಎಂತಕ್ಕೆ ಕೂತದ್ದು?" ಅಂದೆ. ಉತ್ತರವಿಲ್ಲ. ಇನ್ನೂ ಹತ್ತಿರ ಹೋಗಿ ಕೇಳಿದೆ. ಮುಖದ ಮುಂದೆ ನಿಂತ ಮೇಲೆ ಬೆಚ್ಚಿ ತಲೆ ಎತ್ತಿದಳು.

"ಯಾರು? ಗಟ್ಟಿ ಹೇಳು ಮಗಾ. ಕಿವಿ ಹೋಗಿ ಕಾಲ ಆತು. ನನ್ನ ಗಂಡ ಇದ್ದಾಗ್ಲೇ ಹೋದದ್ದು."

ನಾನು ಅವಳ ಕಿವಿಗೆ ಬಾಯಿಟ್ಟು ಕೂಗಿದೆ. "ಆಚೆ ದಡದವಳು! ಶಾಲೆ ಅಕ್ಕೋರು!"

ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. "ನಿನ್ನ ದೀಪ ಕಾಣ್ಲಿಲ್ಲ ಇವತ್ತು. ಎಂತ ಆತೋ ಅಂದ್ಕಂಡೆ. ನಿಂದು ಕಂಡ ಮೇಲೆ ಎದ್ದು ಕಡ್ಡಿಪೆಟ್ಟಿಗೆ ಹುಡ್ಕಿ ನಂದು ಹಚ್ಚೂದು. ನಾನೊಬ್ಳೇ ಮೊದ್ಲು ಹಚ್ಚೂಕೆ ಮನ್ಸು ಬರೂದಿಲ್ಲ ಮಗಾ." ಆಮೇಲೆ ನನ್ನ ಕಂಕುಳ ಕಡೆ ನೋಡಿ, "ಚಾಪೆಲಿ ಎಂತ ಸುತ್ತಿದ್ದು?" ಅಂದಳು.

"ಕೋವಿ."

"ಹಾಂ?"

"ಕೋವಿ ಅಜ್ಜೀ! ಢಂ!" ಅಂತ ಬಾಯಲ್ಲೇ ಹೊಡೆದು ತೋರಿಸಿದೆ.

"ಅಯ್ಯ ದೇವ್ರೇ! ನಿಮ್ಮನೇಲಿ ಕೋವಿ ಇತ್ತಾ?"

ನನಗೆ ನಗು ಬಂತು. ಅವಳೂ ನಕ್ಕಳು, ಯಾಕೆಂದು ತಿಳಿಯದೆ. ಅಲ್ಲಿಂದ ಹೊರಟ ಮೇಲೆ ಹಳ್ಳದ ನಡುವೆ, ಮೊಣಕಾಲುದ್ದ ನೀರಿನಲ್ಲಿ, ಚಾಪೆಯನ್ನು ತಲೆಯ ಮೇಲೆ ಹಿಡಿದುಕೊಂಡು, ನಾನು ಅತ್ತೆ. ಮನೆಗೆ ಹೋಗಿ ಜಗಲಿಯಲ್ಲಿ ದೀಪ ಹಚ್ಚಿದೆ. ಸ್ವಲ್ಪ ಹೊತ್ತಿಗೆ ಆಚೆಯದೂ ಹತ್ತಿತು. ಗದ್ದೆಯಲ್ಲಿ ನರಿಗಳು ಆಗಲೇ ಕೆಲಸ ಶುರು ಮಾಡಿದ್ದವು. ತೋಟೆ ತುಂಬಿ ಹೊಡೆದೆ. ಅವು ಓಡಿದವು. ಆಚೆಯ ದೀಪ ಮೊದಲು ಹೇಗಿತ್ತೋ ಹಾಗೇ ಇತ್ತು.

ಮಾರನೆಯ ದಿನ ಅಣ್ಣ ಬಂದ. ಭಟ್ಕಳದವರು ಬೇರೆ ಕಡೆ ನೋಡುತ್ತಾರಂತೆ. ಆತು ಅಂದೆ. ಅವನು ಚಹ ಕುಡಿದು ಲೋಟ ಕೆಳಗಿಟ್ಟ. ಕೊನೆಗೆ, ಸಿಟ್ಟೆಲ್ಲ ಇಳಿದ ದನಿಯಲ್ಲಿ, "ಅಲ್ಲ ತಂಗೀ, ಆ ಸದ್ದು ಯಾರಿಗೆ ಅಂತ ಬೇಕಿತ್ತು ನಿಂಗೆ?" ಅಂತ ಕೇಳಿದ.

"ನರಿಗೆ" ಅಂದೆ.

ಹಿಂದಿನ ದಿನ ಕೇಳಿದ್ದರೆ ಅದು ಸುಳ್ಳಾಗುತ್ತಿತ್ತು.